ಎರಡು ರೂಪಾಯಿಗಳ ಸೀಮೆ: ಹಾಲಿ ಸಿಕ್ಕಾ, ಕಲ್ದಾರ ಮತ್ತು ಯೂರೋ

ಹಾಲಿ ಸಿಕ್ಕಾ ಹೈದರಾಬಾದ್ ಸಂಸ್ಥಾನದ ಸ್ವಂತ ರೂಪಾಯಿ. ಕಲ್ದಾರ ಎಂದರೆ ಬ್ರಿಟಿಷ್ ಇಂಡಿಯಾದ ರೂಪಾಯಿ. ಇಂದಿನ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳು ಇಪ್ಪತ್ತನೆಯ ಶತಮಾನದ ಮೊದಲರ್ಧವನ್ನು ಈ ಎರಡು ನಾಣ್ಯಗಳ ನಡುವೆ ಕಳೆದವು. 1950ರ ದಶಕದಲ್ಲಿ ಮೊದಲನೆಯದು ಎರಡನೆಯದರಲ್ಲಿ ಕರಗಿಹೋಯಿತು. ಯುರೋಪಿನ ಹನ್ನೊಂದು ದೇಶಗಳು 1999ರ ಜನವರಿ 1ರಂದು ತಮ್ಮ ಮಾರ್ಕು, ಫ್ರಾಂಕು, ಲೀರಾಗಳನ್ನು ಯೂರೋ ಎಂಬ ಒಂದೇ ನಾಣ್ಯಕ್ಕೆ ಕಟ್ಟಿದಾಗ ಇಂಥದ್ದು ಹಿಂದೆಂದೂ ನಡೆದಿಲ್ಲ ಎಂಬ ಮಾತು ಕೇಳಿಬಂತು. ಅಷ್ಟು ದೊಡ್ಡದಾಗಿ ನಡೆದಿರಲಿಲ್ಲ, ನಿಜ. ಆದರೆ ಅಂಥ ಒಂದು ಬದಲಾವಣೆಯನ್ನು ಕಣ್ಣಾರೆ ಕಂಡು, ಕೈಯಾರೆ ಎಣಿಸಿ, ಲಾಭ-ಲುಕ್ಸಾನು ಲೆಕ್ಕ ಹಾಕಿದ್ದ ಜನ ಕಾಗಿಣಾ ನದಿಯ ಆಚೀಚೆ ಇದ್ದರು.

ಹೈದರಾಬಾದನ್ನಾಳಿದ ನಿಜಾಮರ ನಾಡಿನಲ್ಲಿ ಮೊದಲಿಗೆ ಒಂದೇ ರೂಪಾಯಿಯೂ ಇರಲಿಲ್ಲ. ಗದ್ವಾಲ, ನಾರಾಯಣಪೇಟೆ, ಸುರಪುರದಂಥ ಕಡೆ ಬೇರೆ ಬೇರೆ ಟಂಕಸಾಲೆಗಳ ನಾಣ್ಯ ಓಡುತ್ತಿತ್ತು; ತೂಕವೂ ಬೇರೆ, ಬೆಳ್ಳಿಯೂ ಬೇರೆ. ಊರು ಬದಲಾದಂತೆ ವಟ್ಟ ಕೊಡಬೇಕು. 1853ರಿಂದ 1883ರವರೆಗೆ ದಿವಾನನಾಗಿದ್ದ ಮೊದಲನೆಯ ಸಾಲಾರ್ ಜಂಗ್ ಜಿಲ್ಲೆಗಳ ಟಂಕಸಾಲೆಗಳನ್ನು ಮುಚ್ಚಿಸಿ, ಹೈದರಾಬಾದಿನ ಒಂದೇ ಟಂಕಸಾಲೆಯಿಂದ ಹಾಲಿ ಸಿಕ್ಕಾ ಹೊರಡುವಂತೆ ಮಾಡಿದ. ಸಂಸ್ಥಾನದೊಳಗಿನ ಮೊದಲ ನಾಣ್ಯ ಏಕೀಕರಣ ಇದು. 1903ರ ಸುಮಾರಿಗೆ ಯಂತ್ರದಲ್ಲಿ ಅಚ್ಚಾದ, ಚಾರ್‌ಮಿನಾರ್ ಚಿತ್ರದ ರೂಪಾಯಿ ಬಂತು.

ಕಾಗದದ ಹಣ ಮಾತ್ರ ಸುಲಭಕ್ಕೆ ಸಿಗಲಿಲ್ಲ. ಸಂಸ್ಥಾನಗಳು ನೋಟು ಹೊರಡಿಸುವುದು ಬ್ರಿಟಿಷರಿಗೆ ಇಷ್ಟವಿರಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಬೆಳ್ಳಿಯ ಅಭಾವ ಬಿಗಿಯಾಯಿತು, ಯುದ್ಧನಿಧಿಗೆ ನಿಜಾಮರು ಧಾರಾಳವಾಗಿ ಕೊಟ್ಟಿದ್ದರು. 1918ರಲ್ಲಿ ಅನುಮತಿ ಸಿಕ್ಕಿತು. ಹತ್ತು ಮತ್ತು ನೂರು ರೂಪಾಯಿಯ ‘ಉಸ್ಮಾನಿಯಾ ಸಿಕ್ಕಾ’ ನೋಟುಗಳು ಹೊರಬಂದವು. ಅಂದಿನ ಭಾರತದಲ್ಲಿ ಸ್ವಂತ ನೋಟು ಹೊಂದಿದ ಸಂಸ್ಥಾನ ಎಂಬ ಹೆಚ್ಚುಗಾರಿಕೆ ಹೈದರಾಬಾದಿಗೆ ಬಂತು. ನೋಟಿನ ಬೆಲೆಯನ್ನು ಕನ್ನಡದಲ್ಲೂ ಅಚ್ಚುಹಾಕಿದ್ದರು. ಅದೇ ಕಾಲದಲ್ಲಿ ತಹಸೀಲ ಕಚೇರಿಯಲ್ಲಿ, ಕೋರ್ಟಿನಲ್ಲಿ, ಸರ್ಕಾರಿ ಶಾಲೆಯಲ್ಲಿ ಉರ್ದು ಬಿಟ್ಟರೆ ಗತಿಯಿರಲಿಲ್ಲ. ಸೇಡಂನ ರೈತನಿಗೆ ಸರ್ಕಾರ ಕನ್ನಡದಲ್ಲಿ ಮಾತಾಡಿದ್ದು ನೋಟಿನ ಮೇಲೆ, ಅದೂ ಎಷ್ಟು ರೂಪಾಯಿ ಎಂದು ಹೇಳುವ ಮಟ್ಟಿಗೆ.

ಎರಡು ರೂಪಾಯಿಗಳ ಬೆಲೆಯ ಅಂತರ ಹುಟ್ಟಿದ್ದು ಲೋಹದಲ್ಲಿ. ಬೆಳ್ಳಿಯ ಕಲ್ದಾರ 11.66 ಗ್ರಾಂ ತೂಗುತ್ತಿತ್ತು, ಅದರಲ್ಲಿ ಹನ್ನೆರಡಕ್ಕೆ ಹನ್ನೊಂದು ಪಾಲು ಬೆಳ್ಳಿ. ಹಾಲಿ ಸಿಕ್ಕಾ ಸುಮಾರು 11.18 ಗ್ರಾಂ, ಬೆಳ್ಳಿ ಶೇಕಡಾ 82ರಷ್ಟು. ಇವೆರಡರೊಳಗಿನ ಅಪ್ಪಟ ಬೆಳ್ಳಿಯನ್ನು ತೂಗಿ ನೋಡಿದರೆ ಸರಿಸುಮಾರು ಏಳಕ್ಕೆ ಆರರ ಲೆಕ್ಕ. 1893ರಲ್ಲಿ ಬ್ರಿಟಿಷ್ ಟಂಕಸಾಲೆಗಳು ಖಾಸಗಿ ಬೆಳ್ಳಿಯನ್ನು ನಾಣ್ಯ ಮಾಡಿಕೊಡುವುದನ್ನು ನಿಲ್ಲಿಸಿದ ಮೇಲೆ ಈ ಲೆಕ್ಕ ಕೆಲವು ಕಾಲ ಏರುಪೇರಾಯಿತು, ಸರಾಫರಿಗೆ ಸುಗ್ಗಿ. ಕೊನೆಗೆ ದರ ಗಟ್ಟಿಯಾಯಿತು: ಆರು ಕಲ್ದಾರಕ್ಕೆ ಏಳು ಹಾಲಿ. ನೂರು ಕಲ್ದಾರಕ್ಕೆ 116 ರೂಪಾಯಿ 10 ಆಣೆ 8 ಪೈ ಹಾಲಿ.

ಈ ದರದಲ್ಲೊಂದು ಸೂಕ್ಷ್ಮವಿದೆ. ಕಲ್ದಾರವನ್ನು ಹಾಲಿಗೆ ಮುರಿಸಿದರೆ ಲೆಕ್ಕ ಸಲೀಸು, ಒಂದಕ್ಕೆ 1 ರೂಪಾಯಿ 2 ಆಣೆ 8 ಪೈ. ಹಾಲಿಯನ್ನು ಕಲ್ದಾರಕ್ಕೆ ಮುರಿಸಲು ಹೋದರೆ 13 ಆಣೆ 8 ಪೈ ಆಗಿ ಇನ್ನೂ ಅರ್ಧ ಪೈಗಿಂತ ಹೆಚ್ಚು ಉಳಿಯುತ್ತದೆ. ಆ ಪುಡಿ ಯಾರ ಪಾಲು? ಎಣಿಸುವವನ ಪಾಲು. ಒಂದು ರೂಪಾಯಿಯಲ್ಲಿ ಅದು ಏನೂ ಅಲ್ಲ. ಸುಗ್ಗಿಯ ಕಾಲಕ್ಕೆ ಸಾವಿರಾರು ಕೈ ದಾಟುವ ದುಡ್ಡಿನಲ್ಲಿ ಅದೇ ಒಂದು ಆದಾಯ. ಯುರೋಪಿನವರು ಯೂರೋ ತರುವಾಗ ಇದನ್ನು ಕಾನೂನಿನಲ್ಲೇ ಬರೆದರು. ಒಂದು ಯೂರೋಗೆ 1.95583 ಜರ್ಮನ್ ಮಾರ್ಕು, 1936.27 ಇಟಲಿಯ ಲೀರಾ ಎಂದು ಆರಂಕಿಯ ದರ ಗೊತ್ತುಮಾಡಿ, ಅದನ್ನು ತಿರುವಿಹಾಕಿ ‘ಒಂದು ಮಾರ್ಕಿಗೆ ಇಷ್ಟು ಯೂರೋ’ ಎಂಬ ಮೊಟಕು ದರ ಬಳಸಕೂಡದೆಂದು 1997ರ ನಿಯಮದಲ್ಲಿ ಸಾರಿದರು. ಸೇಡಂನ ಸರಾಫ ಕಟ್ಟೆಗೆ ಗೊತ್ತಿದ್ದ ಜಾಣತನ ಬ್ರಸೆಲ್ಸಿಗೂ ಗೊತ್ತಿತ್ತು ಎಂದಾಯಿತು.

ಈ ಐದು ಊರುಗಳು ಒಂದೇ ಜಿಲ್ಲೆಯಲ್ಲಿದ್ದರೂ ಎರಡು ರೂಪಾಯಿಗಳ ಜೊತೆ ಅವುಗಳ ಸಂಬಂಧ ಒಂದೇ ತೆರನಾಗಿರಲಿಲ್ಲ. ಕಾರಣ ರೈಲು. ಬೊಂಬಾಯಿಯಿಂದ ಹೊರಟ ಜಿ.ಐ.ಪಿ. ರೈಲ್ವೆ ಶಹಾಬಾದ, ವಾಡಿ ದಾಟಿ 1871ರಲ್ಲಿ ರಾಯಚೂರಿಗೆ ಮುಟ್ಟಿ, ಮದ್ರಾಸಿನಿಂದ ಬಂದ ಹಳಿಗೆ ಕೂಡಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ಮಾರ್ಗವಾಗಿ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ವಾಡಿ ಜಂಕ್ಷನ್ ಹೀಗೆ ಎರಡು ಅರ್ಥವ್ಯವಸ್ಥೆಗಳ ಹೊಲಿಗೆಯಾಯಿತು. ಜಿ.ಐ.ಪಿ. ಬ್ರಿಟಿಷ್ ಕಂಪನಿ, ಅದರ ಲೆಕ್ಕವೆಲ್ಲ ಕಲ್ದಾರದಲ್ಲಿ. ಶಹಾಬಾದಿನ ಫರಸಿ ಕಲ್ಲು ಇದೇ ಹಳಿಯ ಮೇಲೆ ಬೊಂಬಾಯಿ ಸೀಮೆಗೆ ಹೋಗುತ್ತಿತ್ತು. ಊರಿನ ಸಿಮೆಂಟ್ ಕಂಪನಿಯೂ 1936ರಲ್ಲಿ ಬೊಂಬಾಯಿಯ ಎ.ಸಿ.ಸಿ.ಯಲ್ಲಿ ಸೇರಿಕೊಂಡಿತು. ಕೊಳ್ಳುವವರು ಹೊರಗೆ, ಮಾಲಕರು ಹೊರಗೆ, ದುಡ್ಡೂ ಹೊರಗಿನದು. ಅತ್ತ ಚಿಂಚೋಳಿಗೆ ಇಂದಿಗೂ ರೈಲಿಲ್ಲ. ಅದರ ಪೇಟೆ ಎಂದರೆ ತಾಂಡೂರು, ಜಹೀರಾಬಾದ, ಹುಮನಾಬಾದ. ಎಲ್ಲವೂ ನಿಜಾಮರ ನಾಡೇ. ಅಲ್ಲಿ ಹಾಲಿ ಸಿಕ್ಕಾ ಇದ್ದರೆ ಸಾಕು, ಕಲ್ದಾರ ಬೇಕೆನಿಸುವ ಪ್ರಸಂಗವೇ ಕಡಿಮೆ.

ಒಂದು ಊರು ಹೊರಗಿನ ನಾಣ್ಯವನ್ನು ಬಯಸುವುದೋ ಬಿಡುವುದೋ ಎಂಬುದು ಆ ಊರು ಯಾರಿಗೆ ಮಾರುತ್ತದೆ ಎಂಬುದರ ಮೇಲೆ ನಿಂತಿದೆ. ಅಭಿಮಾನದ ಮಾತೆಲ್ಲ ಆಮೇಲಿನದು. ಆದರೆ ಯುರೋಪಿನ ಜನಮತಗಳನ್ನು ನೋಡಿದರೆ ಅಭಿಮಾನದ ಪಾಲನ್ನೂ ತೆಗೆದುಹಾಕಲಾಗದು. ಡೆನ್ಮಾರ್ಕ್ ತನ್ನ ವ್ಯಾಪಾರದ ದೊಡ್ಡ ಪಾಲನ್ನು ಯೂರೋ ದೇಶಗಳ ಜೊತೆಗೇ ಮಾಡುತ್ತದೆ. 1992ರ ಜೂನ್‌ನಲ್ಲಿ ಅಲ್ಲಿನ ಮತದಾರರು ಒಂದೇ ನಾಣ್ಯಕ್ಕೆ ದಾರಿ ಹಾಕಿದ ಮಾಸ್ಟ್ರಿಕ್ಟ್ ಒಪ್ಪಂದವನ್ನು ಕೂದಲೆಳೆಯಲ್ಲಿ ತಳ್ಳಿಹಾಕಿದರು. ನಾಣ್ಯದಿಂದ ವಿನಾಯಿತಿ ಸಿಕ್ಕ ಮೇಲೆ ಮರುವರ್ಷ ಒಪ್ಪಿದರು. 2000ದ ಸೆಪ್ಟೆಂಬರಿನಲ್ಲಿ ಯೂರೋ ಬೇಕೇ ಎಂದು ನೇರವಾಗಿ ಕೇಳಿದಾಗ ಶೇಕಡಾ 53.2 ಮಂದಿ ಬೇಡವೆಂದರು. 2003ರಲ್ಲಿ ಸ್ವೀಡನ್ ಶೇಕಡಾ 55.9ರಿಂದ ಬೇಡವೆಂದಿತು.

ಡೆನ್ಮಾರ್ಕಿನ ಕಥೆಯೇ ಹಾಲಿ ಸಿಕ್ಕಾಕ್ಕೆ ತೀರ ಹತ್ತಿರದ್ದು. ಅಲ್ಲಿನ ಕ್ರೋನಾ ಇಂದಿಗೂ ಯೂರೋಗೆ ಬಿಗಿಯಾಗಿ ಕಟ್ಟಿದ ನಾಣ್ಯ, ಒಂದು ಯೂರೋಗೆ ಸುಮಾರು ಏಳೂವರೆ ಕ್ರೋನಾ. ದರ ಬದಲಿಸುವ ಸ್ವಾತಂತ್ರ್ಯವನ್ನು ಹೆಚ್ಚುಕಡಿಮೆ ಬಿಟ್ಟುಕೊಟ್ಟಾಗಿದೆ, ಹೆಸರನ್ನು ಬಿಟ್ಟುಕೊಟ್ಟಿಲ್ಲ. ನಿಜಾಮ್ ಸರ್ಕಾರದ ಹಾಲಿ ಸಿಕ್ಕಾ ಕೂಡ ಏಳಕ್ಕೆ ಆರರಲ್ಲಿ ಕಲ್ದಾರಕ್ಕೆ ಕಟ್ಟಿಹಾಕಿದ್ದು. ಹಾಗಿದ್ದೂ 1930ರ ದಶಕದ ದುಂಡುಮೇಜಿನ ಪರಿಷತ್ತಿನ ಕಾಲದ ಮಾತುಕತೆಗಳಲ್ಲಿ ಸರ್ ಅಕ್ಬರ್ ಹೈದರಿ ನೇತೃತ್ವದ ಹೈದರಾಬಾದ್ ನಿಯೋಗ ನಾಣ್ಯ, ನೋಟು, ಸುಂಕದ ಹಕ್ಕುಗಳನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಹುಚ್ಚುತನವೇನಲ್ಲ ಅದು. ನೋಟು ಅಚ್ಚುಹಾಕುವವನಿಗೆ ಅದರಿಂದ ಬರುವ ಲಾಭವಿದೆ, ಬರಗಾಲದಲ್ಲೋ ಯುದ್ಧದಲ್ಲೋ ಕೈಗೆ ಬರುವ ಉಪಾಯವಿದೆ. ಪಕ್ಕದ ಮೈಸೂರು ಇದನ್ನೆಲ್ಲ ಹತ್ತೊಂಬತ್ತನೆಯ ಶತಮಾನದಲ್ಲೇ ಕಳೆದುಕೊಂಡು ಬ್ರಿಟಿಷ್ ರೂಪಾಯಿಗೆ ಒಗ್ಗಿಕೊಂಡಿತ್ತು. ಧಾರವಾಡ, ವಿಜಯಪುರ, ಮಂಗಳೂರು, ಬಳ್ಳಾರಿಗಳಲ್ಲೂ ಅದೇ ರೂಪಾಯಿ. ಕಲಬುರಗಿ, ರಾಯಚೂರು, ಬೀದರಿನವರು ಮಾತ್ರ ಬೇರೆ ನಾಣ್ಯ ಎಣಿಸುತ್ತಿದ್ದ ಕನ್ನಡಿಗರು.

ನಾಣ್ಯಕ್ಕಿಂತ ಕಹಿಯಾದದ್ದು ಸುಂಕ. ಸಂಸ್ಥಾನದ ಗಡಿಯಲ್ಲಿ ‘ಕರೋಡಗಿರಿ’ ಇಲಾಖೆಯ ನಾಕಾಗಳಿದ್ದವು, ಒಳಬರುವ ಮಾಲಿಗೂ ಹೊರಹೋಗುವ ಮಾಲಿಗೂ ತೆರಿಗೆ. ಈಸ್ಟ್ ಇಂಡಿಯಾ ಕಂಪನಿಯ ಜೊತೆ 1802ರಲ್ಲಿ ಆದ ವ್ಯಾಪಾರ ಒಪ್ಪಂದ ಈ ಸುಂಕವನ್ನು ಶೇಕಡಾ ಐದಕ್ಕೆ ಮಿತಿಗೊಳಿಸಿತ್ತು. ಕಡಲಿಲ್ಲದ ನಾಡಿಗೆ ಪರದೇಶದ ಸಾಮಾನು ಬರಬೇಕಾದದ್ದು ಬೊಂಬಾಯಿ, ಮದ್ರಾಸ್ ಬಂದರಿನಿಂದ. ಅಲ್ಲಿ ಬ್ರಿಟಿಷ್ ಇಂಡಿಯಾ ಸರ್ಕಾರ ಮೊದಲೇ ಸುಂಕ ಕಿತ್ತಿರುತ್ತಿತ್ತು. ಚಿತ್ತಾಪುರದ ಒಕ್ಕಲಿಗ ಒಂದು ಗುದ್ದಲಿಗೋ ಸೀಮೆಎಣ್ಣೆ ಡಬ್ಬಿಗೋ ಎರಡು ಸರ್ಕಾರಗಳಿಗೆ ತೆತ್ತಂತಾಯಿತು. ನಮ್ಮ ಪ್ರಜೆಗಳು ಕೊಟ್ಟ ಕಡಲ ಸುಂಕದಲ್ಲಿ ನಮಗೂ ಪಾಲು ಬೇಕು ಎಂದು ಸಂಸ್ಥಾನಗಳು 1920ರ ದಶಕದ ಕೊನೆಗೆ, ಬ್ರಿಟಿಷರಿಗೂ ಸಂಸ್ಥಾನಗಳಿಗೂ ಇದ್ದ ಸಂಬಂಧವನ್ನು ಪರಿಶೀಲಿಸುತ್ತಿದ್ದ ಬಟ್ಲರ್ ಸಮಿತಿಯ ಮುಂದೆ ವಾದಿಸಿದವು. ‘ನಾವು ಕೊಟ್ಟದ್ದೆಷ್ಟು, ಬಂದದ್ದೆಷ್ಟು’ ಎಂಬ ಈ ಲೆಕ್ಕವನ್ನೇ ಮಾರ್ಗರೆಟ್ ಥ್ಯಾಚರ್ ಯುರೋಪಿನ ಮುಂದಿಟ್ಟು 1984ರ ಫಾಂಟನ್‌ಬ್ಲೋ ಸಭೆಯಲ್ಲಿ ಬ್ರಿಟನ್ನಿಗೆ ಹಣ ವಾಪಸು ಪಡೆದದ್ದು. 2016ರಲ್ಲಿ ಆ ದೇಶ ಶೇಕಡಾ 51.9 ಮತಗಳಿಂದ ಯುರೋಪಿನ ಒಕ್ಕೂಟವನ್ನೇ ಬಿಟ್ಟು ಹೊರಟಿತು. ಯೂರೋವನ್ನಂತೂ ಅದು ಸೇರಿಯೇ ಇರಲಿಲ್ಲ. 1992ರ ಸೆಪ್ಟೆಂಬರ್ 16ರಂದು ಪೌಂಡ್ ಕುಸಿದು ಯುರೋಪಿನ ವಿನಿಮಯ ವ್ಯವಸ್ಥೆಯಿಂದ ಹೊರಬಿದ್ದ ದಿನದ ನೆನಪು ಅಷ್ಟು ಆಳದ್ದು.

ನಾಣ್ಯ ಬರೀ ನಾಣ್ಯವಾಗಿ ಉಳಿಯದೆ ಆಯುಧವಾದದ್ದು 1947ರಲ್ಲಿ. ಆ ನವೆಂಬರ್ 29ರಂದು ಭಾರತದ ಜೊತೆ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಬಿದ್ದ ಕೆಲವೇ ದಿನಗಳಲ್ಲಿ ನಿಜಾಮ್ ಸರ್ಕಾರ ಎರಡು ಸುಗ್ರೀವಾಜ್ಞೆ ಹೊರಡಿಸಿತು. ಚಿನ್ನ ಬೆಳ್ಳಿ ಸಂಸ್ಥಾನದಿಂದ ಹೊರಹೋಗದಂತೆ ಒಂದು. ಭಾರತದ ರೂಪಾಯಿ ಸಂಸ್ಥಾನದಲ್ಲಿ ಕಾನೂನುಬದ್ಧ ಹಣವಲ್ಲ ಎಂದು ಇನ್ನೊಂದು. ಜೊತೆಗೆ ಭಾರತ ಸರ್ಕಾರದ ಸಾಲಪತ್ರಗಳ ರೂಪದಲ್ಲೇ ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಸಾಲ. ದೆಹಲಿ ಇವನ್ನು ಒಪ್ಪಂದದ ಉಲ್ಲಂಘನೆ ಎಂದಿತು. ಶಹಾಬಾದ, ವಾಡಿಯಂಥ ಊರುಗಳಿಗೆ ಇದರ ಬಿಸಿ ಬೇರೆ ಕಡೆಗಿಂತ ಹೆಚ್ಚೇ ತಟ್ಟಬೇಕು: ಊರಿನ ಕಲ್ಲು ಕೊಳ್ಳುವವನ ಹಣ ಊರಿನಲ್ಲಿ ಹಣವೇ ಅಲ್ಲ ಎಂದರೆ ಖಣಿ ನಡೆಯುವುದು ಹೇಗೆ? 1948ರಲ್ಲಿ ಭಾರತದ ಕಡೆಯಿಂದ ಸರಕಿನ ದಿಗ್ಬಂಧನ, ಊರೂರಿನಲ್ಲಿ ನಿಜಾಮರ ಪರವಾದ ರಜಾಕಾರರ ಪಡೆಯ ಹಾವಳಿ, ಸೆಪ್ಟೆಂಬರ್ 13ರಿಂದ ಭಾರತದ ಸೇನೆಯ ‘ಪೊಲೀಸ್ ಕಾರ್ಯಾಚರಣೆ’. ಐದನೆಯ ದಿನ ಎಲ್ಲ ಮುಗಿದು ಸಂಸ್ಥಾನ ಭಾರತದ ಕೈಗೆ ಬಂದಿತ್ತು.

ಅಷ್ಟೆಲ್ಲ ಆದ ಮೇಲೆ ಹಾಲಿ ಸಿಕ್ಕಾವನ್ನು ಮರುದಿನವೇ ರದ್ದು ಮಾಡಿದ್ದರೂ ಕೇಳುವವರಿರಲಿಲ್ಲ. ಹಾಗೆ ಮಾಡಲಿಲ್ಲ ಎಂಬುದೇ ಈ ಕಥೆಯ ಒಳ್ಳೆಯ ಭಾಗ. ಸಂಸ್ಥಾನಗಳ ಹಣಕಾಸನ್ನು ಕೇಂದ್ರದೊಡನೆ ಕೂಡಿಸುವ ದಾರಿಯನ್ನು ವಿ.ಟಿ. ಕೃಷ್ಣಮಾಚಾರಿ ಸಮಿತಿ ಹಾಕಿಕೊಟ್ಟಿತು. 1950ರ ಏಪ್ರಿಲ್‌ನಿಂದ ಆದಾಯ ತೆರಿಗೆ, ಅಂಚೆ, ರೈಲು ಕೇಂದ್ರದ ಪಾಲಾದವು. ಕರೋಡಗಿರಿಯನ್ನು ಒಮ್ಮೆಗೇ ಕೀಳದೆ, ರಾಜ್ಯದ ಬೊಕ್ಕಸ ಬರಿದಾಗದಂತೆ ಹಂತಹಂತವಾಗಿ ಇಳಿಸಲಾಯಿತು. ಅದರ ಜಾಗಕ್ಕೆ ಅದೇ ವರ್ಷ ಮಾರಾಟ ತೆರಿಗೆ ಕಾಯ್ದೆ ಬಂತು. ಹಾಲಿ ಸಿಕ್ಕಾ ಹಳೆಯ ಏಳಕ್ಕಾರರ ದರದಲ್ಲೇ ಭಾರತೀಯ ರೂಪಾಯಿಯ ಪಕ್ಕದಲ್ಲಿ ಓಡಾಡುತ್ತ, 1953ರ ನಾಣ್ಯ ಕಾಯ್ದೆಯ ನಂತರ ಮೆಲ್ಲನೆ ಹಿಂದೆ ಸರಿದು, 1955ರ ಹೊತ್ತಿಗೆ ಚಲಾವಣೆಯಿಂದ ಹೋಯಿತು. ಜನ ತಲೆಮಾರುಗಳಿಂದ ಬಲ್ಲ ದರ, ಜೊತೆಗೆ ಐದು ವರ್ಷಗಳ ಸಮಯ. ಹೆಣ್ಣುಮಕ್ಕಳ ಗಡಿಗೆಯ ಉಳಿತಾಯಕ್ಕೂ ಸಾಹುಕಾರನ ತಿಜೋರಿಗೂ ಒಂದೇ ಲೆಕ್ಕ. ಸಂಸ್ಥಾನದ ನೋಟು ನೋಡಿಕೊಳ್ಳಲು 1942ರಲ್ಲಿ ಕೆಲಸ ಆರಂಭಿಸಿದ್ದ ಹೈದರಾಬಾದ್ ಸ್ಟೇಟ್ ಬ್ಯಾಂಕ್ 1956ರಲ್ಲಿ ರಿಸರ್ವ್ ಬ್ಯಾಂಕಿನ ಕೈಗೆ ಹೋಗಿ ‘ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್’ ಆಯಿತು. ಆ ಹೆಸರಿನ ಫಲಕಗಳು ಈ ಭಾಗದಲ್ಲಿ 2017ರ ಮಾರ್ಚ್‌ವರೆಗೂ ಇದ್ದವು. ಇನ್ನು 1957ರ ಏಪ್ರಿಲ್ 1ಕ್ಕೆ ಆಣೆ-ಪೈ ಹೋಗಿ ನಯಾಪೈಸೆ ಬಂತು. ಇಲ್ಲಿನವರ ಬಾಯಲ್ಲಿ ಮಾತ್ರ ಚಾರಾಣೆ, ಆಠಾಣೆ, ಬಾರಾಣೆ ಉಳಿದೇ ಉಳಿದವು.

ಇದಕ್ಕೆ ಎದುರಾಗಿ ಪೂರ್ವ ಜರ್ಮನಿಯನ್ನು ನೋಡಬಹುದು. 1990ರ ಜುಲೈ 1ರಂದು ಅಲ್ಲಿನ ಸಂಬಳ, ಪಿಂಚಣಿಗಳನ್ನು ಪಶ್ಚಿಮದ ಮಾರ್ಕಿಗೆ ಒಂದಕ್ಕೊಂದರಂತೆ ಬದಲಿಸಿದರು. ಜನ ಹಿಗ್ಗಿದರು, ಆದರೆ ಪೇಟೆಯಲ್ಲಿ ಪೂರ್ವದ ಹಣಕ್ಕೆ ಆ ಬೆಲೆ ಇರಲೇ ಇಲ್ಲವಾದ್ದರಿಂದ ಕಾರ್ಖಾನೆಗಳು ಸಂಬಳ ಕೊಡಲಾರದೆ ಮುಚ್ಚಿದವು. ಅದೇ ಜರ್ಮನಿಯ ಜನ ತಮ್ಮ ಗಟ್ಟಿ ಮಾರ್ಕನ್ನು ಯೂರೋಗೆ ಬಿಟ್ಟುಕೊಡಲು ಮನಸಾರೆ ಒಪ್ಪಲೇ ಇಲ್ಲ; ಅವರನ್ನು ಕೇಳಿದವರೂ ಇಲ್ಲ, ಜನಮತವಿಲ್ಲದೆ ಸಂಸತ್ತೇ ಒಪ್ಪಿತು. ಇಟಲಿಯವರು ತಮ್ಮ ಜೊಳ್ಳು ಲೀರಾಕ್ಕಿಂತ ಹೊರಗಿನ ಶಿಸ್ತು ಮೇಲೆಂದು ಮೊದಮೊದಲು ಉತ್ಸಾಹ ತೋರಿದರು. ಬಲ್ಗೇರಿಯದ ಲೆವ್ 1997ರಿಂದಲೇ ಜರ್ಮನ್ ಮಾರ್ಕಿಗೂ ಆಮೇಲೆ ಯೂರೋಗೂ ಬಿಗಿದ ನಾಣ್ಯವಾಗಿತ್ತು, ಅಂದರೆ ಅದು ಕೂಡ ಒಂದು ಹಾಲಿ ಸಿಕ್ಕಾ. ಹೀಗಿದ್ದರೂ 2025ರಲ್ಲಿ ಯೂರೋ ಬೇಡವೆಂದು ಸೋಫಿಯಾದ ಬೀದಿಯಲ್ಲಿ ಮೆರವಣಿಗೆ ನಡೆದವು. 2026ರ ಜನವರಿ 1ರಂದು ಆ ದೇಶ ಯೂರೋ ಕೂಟದ 21ನೆಯ ಸದಸ್ಯನಾಯಿತು.

ನಾಣ್ಯ ಕೂಡಿಸುವ ಮಾತು ಬಂದಾಗ ಎಲ್ಲೆಡೆ ಜನ ಕೇಳುವುದು ಮೂರೇ: ನನ್ನ ಉಳಿತಾಯಕ್ಕೆ ಯಾವ ದರ, ಮುರಿಸುವಾಗಿನ ಪುಡಿ ಯಾರಿಗೆ, ಹಿಂದುಳಿದವನನ್ನು ಎತ್ತಿ ನಿಲ್ಲಿಸುವ ಖರ್ಚು ಯಾರದು. ಈ ಸೀಮೆಯಲ್ಲಿ ಮೊದಲೆರಡು ಚೆನ್ನಾಗಿಯೇ ಬಗೆಹರಿದವು. ಮೂರನೆಯದು ಕರ್ನಾಟಕದ ಏಕೀಕರಣದ ಹೊತ್ತಿಗೆ ಎದ್ದು ನಿಂತಿತು. ಹಳೆ ಮೈಸೂರಿನಲ್ಲಿ ಹಲವರಿಗೆ ಹೈದರಾಬಾದ್ ಮತ್ತು ಮುಂಬಯಿ ಕರ್ನಾಟಕವೆಂದರೆ ತಲೆಯ ಮೇಲೆ ಬರುವ ಹೊರೆ. ವಿದ್ಯುತ್ತು, ಶಾಲೆ, ರಸ್ತೆ ಎಲ್ಲದರಲ್ಲೂ ಹಿಂದಿರುವ ಜಿಲ್ಲೆಗಳಿಗೆ ತಮ್ಮ ತೆರಿಗೆ ಸುರಿಯಬೇಕಾದೀತೆಂಬ ಅಂಜಿಕೆ. ಅಥೆನ್ಸಿನ ಸಾಲ ತೀರಿಸಲು ನಮ್ಮ ದುಡ್ಡೇಕೆ ಎಂದು 2010ರ ನಂತರ ಜರ್ಮನರೂ ಡಚ್ಚರೂ ಗೊಣಗಿದ್ದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಏಕೀಕರಣದ ಪರವಾಗಿ ನಿಂತ ಕೆಂಗಲ್ ಹನುಮಂತಯ್ಯ 1956ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ಸ್ಥಾನ ಬಿಡಬೇಕಾಯಿತು. ಆ ನವೆಂಬರ್ 1ರಂದು ಕಲಬುರಗಿ ಜಿಲ್ಲೆ ಹೊಸ ಮೈಸೂರು ರಾಜ್ಯಕ್ಕೆ ಸೇರಿತು. ಅದರ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಎರಡು ನಾಣ್ಯಗಳ ಗಡಿ ಅಳಿಸಿಹೋದ ಬೆನ್ನಿಗೇ ಸೇಡಂ, ಚಿಂಚೋಳಿಯ ಪಕ್ಕದಲ್ಲಿ ಹೊಸ ಗಡಿಯೊಂದು ಹುಟ್ಟಿತು.

ಯುರೋಪಿನವರು ಮೂರನೆಯ ಪ್ರಶ್ನೆಗೆ ಮೊದಲೇ ಹಣ ಎತ್ತಿಟ್ಟರು. 1988ರಲ್ಲಿ ಹಿಂದುಳಿದ ಪ್ರಾಂತಗಳ ನಿಧಿಯನ್ನು ಇಮ್ಮಡಿಸುವ ತೀರ್ಮಾನವಾಯಿತು. ಮಾಸ್ಟ್ರಿಕ್ಟ್ ಒಪ್ಪಂದದ ಜೊತೆಗೆ ಸ್ಪೇನ್, ಪೋರ್ಚುಗಲ್, ಗ್ರೀಸ್, ಐರ್ಲೆಂಡುಗಳಿಗಾಗಿಯೇ ಒಂದು ನಿಧಿ ಹುಟ್ಟಿತು. ಕರ್ನಾಟಕದಲ್ಲಿ ಆ ಕೆಲಸ ತಡವಾಯಿತು, ಬಹಳ ತಡವಾಯಿತು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ‘ಅತ್ಯಂತ ಹಿಂದುಳಿದ’ ತಾಲ್ಲೂಕುಗಳ ಪಟ್ಟಿಯಲ್ಲಿದ್ದವು. ಅದೇ ತಾಲ್ಲೂಕುಗಳ ವಾಡಿ, ಮಳಖೇಡ, ಸೇಡಂಗಳಲ್ಲಿ ದೇಶದ ದೊಡ್ಡ ಸಿಮೆಂಟ್ ಕಾರ್ಖಾನೆಗಳು ಹೊಗೆಯಾಡುತ್ತಿದ್ದವು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಮಗ್ಗುಲಲ್ಲೇ ಹಿಂದುಳಿದಿರುವಿಕೆಯ ಪಟ್ಟಿ ತಯಾರಾದದ್ದು ವಿಪರ್ಯಾಸವೆನ್ನದೆ ವಿಧಿಯಿಲ್ಲ. ಚಿಂಚೋಳಿಯ ವೀರೇಂದ್ರ ಪಾಟೀಲರು ಎರಡು ಬಾರಿ ಮುಖ್ಯಮಂತ್ರಿಯಾದರೂ ಪಟ್ಟಿ ಬದಲಾಗಲಿಲ್ಲ. ವಿಶೇಷ ಸ್ಥಾನಮಾನಕ್ಕಾಗಿ ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಬೀದಿಗಿಳಿದ ಮೇಲೆ, 2012ರ ಡಿಸೆಂಬರಿನಲ್ಲಿ ಸಂಸತ್ತು ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ 371ಜೆ ವಿಧಿಯನ್ನು ಒಪ್ಪಿತು. ಪ್ರತ್ಯೇಕ ಅಭಿವೃದ್ಧಿ ಮಂಡಳಿ, ನೌಕರಿ ಮತ್ತು ಶಿಕ್ಷಣದಲ್ಲಿ ಸ್ಥಳೀಯರಿಗೆ ಮೀಸಲು ಅದರಿಂದ ಬಂದವು. ನಾಣ್ಯಗಳು ಒಂದಾಗಿ ಆಗಲೇ ಅರ್ಧ ಶತಮಾನ ಕಳೆದಿತ್ತು.

1956ರಲ್ಲಿ ಹುಟ್ಟಿದ ತಾಂಡೂರಿನ ಆ ಗಡಿ ಈಗಲೂ ಪಾಠಕ್ಕೆ ಸಿಗುವ ಜಾಗ. ಎರಡೂ ಕಡೆ ಅದೇ ಭೀಮಾ ಕಣಿವೆಯ ಸುಣ್ಣಕಲ್ಲು: ಇತ್ತ ಶಹಾಬಾದ ಕಲ್ಲು, ಅತ್ತ ತಾಂಡೂರು ಕಲ್ಲು. ಎರಡೂ ಕಡೆ ಅದೇ ಕರಿನೆಲದ ತೊಗರಿ. ಕಲಬುರಗಿ ತೊಗರಿಬೇಳೆಗೂ ತಾಂಡೂರು ತೊಗರಿಗೂ ಬೇರೆ ಬೇರೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ತೊಗರಿಯ ಬೆಂಬಲ ಬೆಲೆ ಕೇಂದ್ರದ್ದಾದ್ದರಿಂದ ಒಂದೇ, ಕಲ್ಲಿನ ರಾಜಧನ ಆಯಾ ರಾಜ್ಯದ ತೀರ್ಮಾನ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಗಡಿಯ ವಾಣಿಜ್ಯ ತೆರಿಗೆ ನಾಕಾಗಳು ಎದ್ದುಹೋದವು, ಕಲ್ಲು ಹೇರಿದ ಲಾರಿ ತೆರಿಗೆ ಚೀಟಿಗಾಗಿ ಸಾಲು ನಿಲ್ಲುವುದು ತಪ್ಪಿತು. ಪೆಟ್ರೋಲು, ಡೀಸೆಲ್ಲನ್ನು ರಾಜ್ಯಗಳು ಜಿಎಸ್‌ಟಿಗೆ ಬಿಟ್ಟುಕೊಟ್ಟಿಲ್ಲ. ಸೇಡಂನಲ್ಲಿ ಒಂದು ದರ, ತಾಂಡೂರಿನಲ್ಲಿ ಇನ್ನೊಂದು.